ಗಾಜಿನ ತೊಟ್ಟಿಯಲ್ಲಿ ಹವಳದ ತೋಟ

ಹವಳವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಕೆಂಪು ಮಣಿಗಳ ಸರ. ನವರತ್ನಗಳ ಸಾಲಿನಲ್ಲಿ ಮುತ್ತಿನೊಡನೆ ಹವಳಕ್ಕೂ ಸ್ಥಾನವುಂಟು. ಆದರೆ ವಜ್ರ ವೈಡೂರ್ಯಗಳಂತೆ ಅದು ಗಣಿಯಲ್ಲಿ ದೊರೆಯುವ ಕಲ್ಲಲ್ಲ. ಕಡಲಿನ ಜೀವಿಯೊಂದು ತನ್ನ ಮೈಯ ಆಸರೆಗಾಗಿ ಕಟ್ಟಿಕೊಂಡ ಸುಣ್ಣದ ಗೂಡು. ಬಹುಕಾಲ ಜನರು ಹವಳವನ್ನು ಸಮುದ್ರದಲ್ಲಿ ಬೆಳೆಯುವ ಗಿಡವೆಂದೇ ನಂಬಿದ್ದರು. 18ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ವೈದ್ಯ ಪೆಯ್ಸೊನೆಲ್ ಎಂಬಾತನು, ಆ ಗಿಡದ ಹೂವೆಂದು ತೋರುವುದು ನಿಜವಾಗಿ ಒಂದು ಪುಟ್ಟ ಪ್ರಾಣಿ ಎಂದು ಸಾರಿದಾಗ, ಅಂದಿನ ವಿದ್ವಾಂಸರು ಅದನ್ನು ಒಡನೆಯೇ ಒಪ್ಪಲಿಲ್ಲ.

ಈ ಪ್ರಾಣಿಯ ಹೆಸರು ಪಾಲಿಪ್. ಇದರ ಮೈ ಒಂದು ಪುಟ್ಟ ಚೀಲದಂತೆ. ಮೇಲ್ಗಡೆ ಬಾಯಿ, ಬಾಯಿಯ ಸುತ್ತ ಎಳೆ ಎಳೆಯಾದ ಕರಬಳ್ಳಿಗಳು. ದಿಬ್ಬಗಳನ್ನು ಕಟ್ಟುವ ಹವಳದ ಪಾಲಿಪ್ ನೀರಿನಲ್ಲಿ ಕರಗಿರುವ ಲವಣಗಳನ್ನು ಹೀರಿ ತನ್ನ ಬುಡದಲ್ಲಿ ಸುಣ್ಣದ ಬಟ್ಟಲನ್ನು ಕಟ್ಟುತ್ತದೆ. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿ ಬೆಳೆದಾಗ ಹವಳದ ಪೊದೆಯಾಗುತ್ತದೆ. ತಲೆತಲಾಂತರದ ಗೂಡುಗಳು ಒಂದರ ಮೇಲೊಂದು ಕೂಡಿದಾಗ ಹವಳದ ದಿಬ್ಬವಾಗುತ್ತದೆ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ನೆಲಸಿರುತ್ತವೆ. ಇವು ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ, ಅದರಲ್ಲಿ ಬಹುಪಾಲನ್ನು ಆಶ್ರಯದಾತನಿಗೆ ಒಪ್ಪಿಸುತ್ತವೆ. ಪಾಲಿಪ್ ಅವುಗಳಿಗೆ ಮನೆಯನ್ನೂ ಅಂಗಾರಾಮ್ಲವನ್ನೂ ಒದಗಿಸುತ್ತದೆ. ಈ ಕೊಡುಕೊಳ್ಳುವಿಕೆಯೇ ಹವಳದ ಬಾಳಿನ ಗುಟ್ಟು. ಬೆಳಕು, ಬೆಚ್ಚನೆಯ ತಿಳಿನೀರು, ಎಡೆಬಿಡದ ಅಲೆಯಾಟ, ಈ ಮೂರರಲ್ಲಿ ಒಂದು ತಪ್ಪಿದರೂ ಆ ಗೆಳೆತನ ಮುರಿಯುತ್ತದೆ.

ಇಂತಹ ಸೂಕ್ಷ್ಮಜೀವನವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ನಡೆಸುವುದು ಸಾಧ್ಯವೆಂದು ಮೊದಲಿಗೆ ಯಾರೂ ಎಣಿಸಿರಲಿಲ್ಲ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಕಡಲಿನ ಮೀನುಗಳನ್ನು ಸಾಕುವ ವಿದ್ಯೆ ಮೆಲ್ಲಮೆಲ್ಲನೆ ಬೆಳೆಯಿತು. ಆದರೆ ದಿಬ್ಬದ ಹವಳ ಮಾತ್ರ ತೊಟ್ಟಿಯಲ್ಲಿ ಬಾಳದೆ ಬಿಳಿಯ ಅಸ್ಥಿಯಾಗಿ ಉಳಿಯುತ್ತಿತ್ತು. ಇಂಡೊನೇಷ್ಯದ ಜಕಾರ್ತ ನಗರದ ಲೀ ಚಿನ್ ಎಂಗ್ ಎಂಬ ಹವ್ಯಾಸಿ, ಕಡಲಿನಿಂದ ತಂದ ಜೀವಂತ ಬಂಡೆಗಳನ್ನು ತೊಟ್ಟಿಯಲ್ಲಿಟ್ಟು, ಬಿಸಿಲನ್ನೂ ಗಾಳಿಯ ಗುಳ್ಳೆಗಳನ್ನೂ ಒದಗಿಸಿ, ಹವಳಗಳನ್ನು ಬದುಕಿಸಿದರು. 1961ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಮುಂದೆ 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬುವರು ಸುಣ್ಣದ ತಿಳಿನೀರನ್ನು ತೊಟ್ಟಿಗೆ ಸೇರಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ಮತ್ತು ಅವರ ಗೆಳೆಯರು ಜೀವಂತ ಬಂಡೆ, ಪ್ರಖರ ದೀಪ, ನೊರೆಯೊಡನೆ ಕಶ್ಮಲವನ್ನು ತೆಗೆಯುವ ಯಂತ್ರ, ಇವುಗಳನ್ನು ಒಂದುಗೂಡಿಸಿದರು. ಸ್ಟ್ಯೂಬರ್ ತಮ್ಮ ತೊಟ್ಟಿಯಲ್ಲಿ ಬೆಳೆದ ಕವಲುಹವಳದ ರೆಂಬೆಗಳನ್ನು ಮುರಿದು ಇತರರಿಗೆ ಹಂಚಿದರು. ದಾಸವಾಳದ ಕಡ್ಡಿಯನ್ನು ನೆಟ್ಟು ಹೊಸ ಗಿಡವನ್ನು ಪಡೆಯುವಂತೆ, ಒಂದು ಹವಳದಿಂದ ನೂರು ಹವಳಗಳು ಹುಟ್ಟಿದವು.

ಹವಳವನ್ನು ಸಾಕಬಯಸುವವನು ಮೊದಲು ತರಬೇಕಾದುದು ಹವಳವನ್ನಲ್ಲ. ಅವನು ಮೊದಲು ನೀರನ್ನು ಸಿದ್ಧಗೊಳಿಸಬೇಕು. ಶುದ್ಧೀಕರಿಸಿದ ಸಿಹಿನೀರಿಗೆ, ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲುಪ್ಪಿನ ಮಿಶ್ರಣವನ್ನು ಕರಗಿಸಬೇಕು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು. ಅದರಲ್ಲಿ ಕಡಲಿನ ಇತರ ಲವಣಗಳು ಇರುವುದಿಲ್ಲ. ಬಂಡೆಗಳನ್ನು ಜೋಡಿಸಿ ನೀರನ್ನು ತುಂಬಿದ ಮೇಲೂ ತೊಟ್ಟಿ ವಾಸಯೋಗ್ಯವಲ್ಲ. ಜೀವಿಗಳ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕಾಣದ ಕೆಲಸಗಾರರು ಬಂಡೆಯ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದುದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೂ ಕೆಲವು ತಿಂಗಳು ಕಾಯುವುದು ವಿವೇಕ. ಹೊಸ ತೊಟ್ಟಿಯ ಅಂದಕ್ಕೆ ಮಾರುಹೋಗಿ ಅವಸರದಿಂದ ಹವಳವನ್ನು ಇಳಿಸಿದವರು ಅದನ್ನು ಕಳೆದುಕೊಂಡ ನಿದರ್ಶನಗಳಿಗೆ ಕೊರತೆಯಿಲ್ಲ.

ನೀರಿನ ಗುಣದಲ್ಲಿ ಏರುಪೇರಾಗದಂತೆ ನೋಡಿಕೊಳ್ಳುವುದು ಎರಡನೆಯ ಕರ್ತವ್ಯ. ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಇವು ಹವಳಕ್ಕೆ ಹಿತವಾದ ಅಳತೆಗಳು. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ಸಿಹಿನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ದಿನವೂ ತುಂಬಬೇಕು. ವಿದ್ಯುತ್ತು ನಿಂತರೆ ನೀರಿನ ಚಲನೆಯೂ ನಿಂತು ಆಮ್ಲಜನಕವು ಕ್ಷೀಣಿಸುವುದರಿಂದ, ಅದಕ್ಕೆ ಬದಲಿ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ಮೊದಲ ಹವಳವಾಗಿ ಯಾವುದನ್ನು ಆರಿಸಬೇಕು? ಕವಲುಹವಳವು ಎಷ್ಟೇ ಚೆಲುವಾಗಿದ್ದರೂ ನೀರಿನ ಅಲ್ಪ ವ್ಯತ್ಯಾಸವನ್ನೂ ತಾಳದು. ಅಣಬೆ ಹವಳ, ತೊಗಲು ಹವಳ ಮೊದಲಾದ ಮೃದುಹವಳಗಳು ಸಹನಶೀಲವಾದುವು. ಇವು ಸುಣ್ಣದ ಗಟ್ಟಿಗೂಡನ್ನು ಕಟ್ಟುವುದಿಲ್ಲ. ಮಿತವಾದ ಬೆಳಕಿನಲ್ಲಿಯೂ ಬಾಳುತ್ತವೆ. ಇವು ಹಲವು ತಿಂಗಳು ನೆಮ್ಮದಿಯಿಂದ ಬೆಳೆದ ಮೇಲೆಯೇ ಗಟ್ಟಿಹವಳಗಳತ್ತ ಮನಸ್ಸು ಮಾಡಬೇಕು. ಗುಂಡಿಯಾಕಾರದ ಜೋಆಂತಸ್ ಎಂಬ ಹವಳಬಂಧುವೂ ಸುಲಭವಾಗಿ ಬೆಳೆಯುವುದಾದರೂ, ಅದರ ಕೆಲವು ಜಾತಿಗಳಲ್ಲಿಯೂ ನೆಂಟ ಜಾತಿಗಳಲ್ಲಿಯೂ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಅವನ್ನು ಬರಿಗೈಯಿಂದ ಮುಟ್ಟುವುದಾಗಲಿ ಬಂಡೆಯೊಡನೆ ಕುದಿಸುವುದಾಗಲಿ ಸಲ್ಲದು.

ತಂದ ಹವಳವನ್ನು ಚೀಲದೊಡನೆ ತೊಟ್ಟಿಯಲ್ಲಿ ಕಾಲುಗಂಟೆ ತೇಲಬಿಟ್ಟರೆ ಎರಡು ನೀರುಗಳ ಶಾಖ ಸಮವಾಗುತ್ತದೆ. ಬಳಿಕ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಬೇಕು. ಹವಳದೊಡನೆ ಬಂದಿರಬಹುದಾದ ಹುಳುಗಳನ್ನು ಔಷಧದ ನೀರಿನಲ್ಲಿ ತೊಳೆದು ನಿವಾರಿಸಬೇಕು. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು. ಹೊಸದಾಗಿ ಬಂದ ಹವಳವನ್ನು ಮೊದಲು ತಳದ ಮಂದಬೆಳಕಿನಲ್ಲಿರಿಸಿ, ವಾರಗಳು ಕಳೆದಂತೆ ಬೇಕಾದಷ್ಟು ಮೇಲಕ್ಕೇರಿಸಬೇಕು. ಒಮ್ಮೆಲೇ ತೀವ್ರವಾದ ಬೆಳಕಿಗೆ ಒಡ್ಡಿದರೆ ಅದು ಬಣ್ಣಗೆಡುತ್ತದೆ. ನೆರೆಯ ಹವಳಗಳ ನಡುವೆ ಅಂತರವಿರಬೇಕು. ಹಗಲಿನಲ್ಲಿ ಹೂವಿನಂತೆ ಶಾಂತವಾಗಿ ತೋರುವ ಕೆಲವು ಹವಳಗಳು ಇರುಳಿನಲ್ಲಿ ಉದ್ದನೆಯ ಕುಟುಕುಬಳ್ಳಿಗಳನ್ನು ಚಾಚಿ ನೆರೆಯವರನ್ನು ಸುಟ್ಟುಬಿಡುತ್ತವೆ.

ಈ ಹವ್ಯಾಸಕ್ಕೆ ಒಂದು ಧರ್ಮವೂ ಉಂಟು. ಸಾಗರತಳದ ನೂರರಲ್ಲಿ ಒಂದು ಪಾಲನ್ನೂ ಆವರಿಸದ ಹವಳದ ದಿಬ್ಬಗಳು ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಸರೆಯಾಗಿವೆ. ಕಡಲಿನ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ, ಪಾಲಿಪ್‌ಗಳು ತಮ್ಮೊಳಗಿನ ಪಾಚಿಗಳನ್ನು ಹೊರದೂಡಿ ಬೆಳ್ಳಗಾಗುತ್ತವೆ. ನೀರು ಬೇಗನೆ ತಣಿಯದಿದ್ದರೆ ಹಸಿವಿನಿಂದ ಸಾಯುತ್ತವೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳಿಗೆ ಇಂತಹ ಪೆಟ್ಟು ಬಿದ್ದಿತು. ಕರ್ನಾಟಕದ ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕೀಳುವುದು ಶಿಕ್ಷಾರ್ಹ ಅಪರಾಧ. ಮೂಲವನ್ನು ವಿಚಾರಿಸದೆ ಹವಳವನ್ನು ಕೊಳ್ಳುವವನು ತನ್ನ ತೊಟ್ಟಿಯ ಅಂದಕ್ಕಾಗಿ ಕಡಲನ್ನು ಬರಿದುಮಾಡುವವರಿಗೆ ನೆರವಾದಂತೆಯೇ ಸರಿ. ತೊಟ್ಟಿಯಲ್ಲಿಯೇ ತುಂಡರಿಸಿ ಬೆಳೆಸಿದ, ಕಾನೂನಿಗೆ ಒಪ್ಪುವ ಹವಳವೇ ಸಜ್ಜನನ ಆಯ್ಕೆ.

ತೊಟ್ಟಿಯ ವಿದ್ಯೆ ಕಡಲಿಗೂ ಉಪಕಾರ ಮಾಡಬಲ್ಲದು. ಅಮೆರಿಕದ ಫ್ಲಾರಿಡ ಕರಾವಳಿಯಲ್ಲಿ ಹವಳದ ತುಂಡುಗಳನ್ನು ಕಡಲೊಳಗಿನ ಸಸಿಮಡಿಗಳಲ್ಲಿ ಬೆಳೆಸಿ ದಿಬ್ಬಗಳಲ್ಲಿ ನೆಡುತ್ತಾರೆ. 2023ರ ಬೇಸಗೆಯಲ್ಲಿ ಅಲ್ಲಿಯ ಕಡಲು ಹಿಂದೆಂದೂ ಕಾಣದಷ್ಟು ಬಿಸಿಯಾದಾಗ, ಸಾವಿರಾರು ಹವಳಗಳನ್ನು ಆತುರಾತುರವಾಗಿ ದಡದ ತೊಟ್ಟಿಗಳಿಗೆ ಸಾಗಿಸಿ ಕಾಪಾಡಲಾಯಿತು. ಕಡಲಿನ ಜೀವಿಗೆ ಅಂದು ಕಡಲಿಗಿಂತ ತೊಟ್ಟಿಯೇ ಸುರಕ್ಷಿತವಾಯಿತು.

ಮೀನು ನೀರು ಕೆಟ್ಟರೆ ಮೇಲೆ ಬಂದು ಬಾಯಿ ತೆರೆಯುತ್ತದೆ. ಹಕ್ಕಿ ಹಸಿದರೆ ಕೂಗುತ್ತದೆ. ಹವಳಕ್ಕೆ ಓಡಲು ಕಾಲಿಲ್ಲ, ಕೂಗಲು ಕೊರಳಿಲ್ಲ. ಮೈಯನ್ನು ಮುದುಡಿಕೊಳ್ಳುವುದು, ಬಣ್ಣವನ್ನು ಕಳೆದುಕೊಳ್ಳುವುದು, ಇಷ್ಟೇ ಅದರ ಭಾಷೆ. ಆ ಭಾಷೆಯನ್ನು ದಿನವೂ ಓದುವ ತಾಳ್ಮೆಯುಳ್ಳವನ ತೊಟ್ಟಿಯಲ್ಲಿ ಮಾತ್ರ ಹವಳದ ತೋಟ ಅರಳೀತು.