ಹಲ್ಲೆಯಲ್ಲಿ ಗಾಯಗೊಂಡವರಿಗೆ ಸರ್ಕಾರದ ಪರಿಹಾರ: ಆರೋಪಿ ಸಿಗದಿದ್ದರೂ ಅರ್ಜಿ ಹಾಕಿ

'ಇರಿದವನೇ ಸಿಕ್ಕಿಲ್ಲ, ಇನ್ನು ಪರಿಹಾರ ಯಾರು ಕೊಡ್ತಾರೆ?' ಆಸ್ಪತ್ರೆ ಬಿಲ್ ಕೈಯಲ್ಲಿ ಹಿಡಿದ ಮನೆಯವರು ಕೇಳುವ ಮಾತಿದು. ಕೊಡಬೇಕಾದ್ದು ಸರ್ಕಾರ. ಅದಕ್ಕೆಂದೇ ಕರ್ನಾಟಕದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂನಡಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಡಿ ಬರುತ್ತದೆ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೂ ಪರಿಹಾರಕ್ಕೆ ಶಿಫಾರಸು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕೆಲಸ ಶುರುವಾಗುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ. ತಲೆಗೆ ಹೊಲಿಗೆ ಹಾಕುತ್ತಾ ಡಾಕ್ಟರು 'ಏನಾಯ್ತು?' ಎಂದಾಗ, ಪೊಲೀಸ್ ಉಸಾಬರಿ ಬೇಡವೆಂದು ಜೊತೆಗಿದ್ದವರು 'ಮೆಟ್ಟಿಲಿಂದ ಬಿದ್ದ' ಅಂದುಬಿಡುತ್ತಾರೆ. ಆ ಒಂದು ಸಾಲು ದಾಖಲೆಯಲ್ಲಿ ಕೂತರೆ ಮುಂದೆ ಅಳಿಸುವುದು ಬಲು ಕಷ್ಟ. ನಡೆದದ್ದನ್ನು ನಡೆದ ಹಾಗೆ ಹೇಳಿ, ಮೆಡಿಕೋ ಲೀಗಲ್ ಪ್ರಕರಣವೆಂದು, ಅಂದರೆ ಎಂಎಲ್‌ಸಿ ಎಂದು ಬರೆಸಿ. ಆ್ಯಸಿಡ್ ದಾಳಿ ಅಥವಾ ಅತ್ಯಾಚಾರವಾಗಿದ್ದರೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಲೇಬೇಕು. ಮುಂಗಡ ಕಟ್ಟಿ ಎಂದರೆ ಒಪ್ಪಬೇಡಿ.

ಮುಂದಿನದು ಎಫ್ಐಆರ್. ಘಟನೆ ನಡೆದ ಜಾಗ ತಮ್ಮ ವ್ಯಾಪ್ತಿಯದಲ್ಲ ಎಂದು ಠಾಣೆಯವರು ವಾಪಸ್ ಕಳುಹಿಸುವಂತಿಲ್ಲ. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಅದರಲ್ಲಿನ ಹೆಸರು, ಇನಿಷಿಯಲ್ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ. ಇಲ್ಲದಿದ್ದರೆ ಹಣ ಜಮೆಯಾಗುವ ಹೊತ್ತಿಗೆ ಅದೇ ತಕರಾರು.

ಇನ್ನು ಅರ್ಜಿ. ಅದನ್ನು ಸಲ್ಲಿಸಬೇಕಾದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ಕಚೇರಿ ಸಿಗುತ್ತದೆ. ಎಫ್ಐಆರ್ ಪ್ರತಿ, ಗಾಯದ ಪ್ರಮಾಣಪತ್ರ (ಠಾಣೆ, ಕೋರ್ಟುಗಳಲ್ಲಿ ಎಲ್ಲರೂ ವೂಂಡ್ ಸರ್ಟಿಫಿಕೇಟ್ ಎನ್ನುವುದೇ ಇದು), ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಲಗತ್ತಿಸಿ. ಅಂಗವೈಕಲ್ಯ ಉಳಿದಿದ್ದರೆ ಅದರ ಪ್ರಮಾಣಪತ್ರವೂ ಬೇಕು. ಔಷಧಿ ಅಂಗಡಿಯ ನುಣುಪು ಕಾಗದದ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿಡಿ. ಎಷ್ಟು ದಿನ ಕೂಲಿ ತಪ್ಪಿತು, ಸಂಬಳ ಎಷ್ಟು ಕಡಿತವಾಯಿತು ಎಂಬುದನ್ನೂ ಬರೆಯಿರಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಸಣ್ಣಪುಟ್ಟ ತರಚು ಗಾಯಕ್ಕೆ ಈ ಯೋಜನೆಯಲ್ಲ. ಬದುಕು ಮತ್ತೆ ಕಟ್ಟಿಕೊಳ್ಳಲು ನೆರವು ಬೇಕಾದವರಿಗೆ ಇದು.

ಚಿಕಿತ್ಸೆಗೇ ದುಡ್ಡಿಲ್ಲದಿದ್ದರೆ ಪೂರ್ಣ ಪರಿಹಾರಕ್ಕೆ ಕಾಯಬೇಕಿಲ್ಲ. ಠಾಣಾಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಇದ್ದರೆ ಪ್ರಾಧಿಕಾರ ಉಚಿತ ಚಿಕಿತ್ಸೆಗೆ ಆದೇಶಿಸಬಹುದು, ಮಧ್ಯಂತರ ನೆರವನ್ನೂ ಕೊಡಬಹುದು. ಅರ್ಜಿಯಲ್ಲೇ ಇದನ್ನು ಪ್ರತ್ಯೇಕವಾಗಿ ಕೇಳಿ.

ಮೊತ್ತ ಗಾಯದ ಸ್ವರೂಪಕ್ಕೆ ತಕ್ಕಂತೆ. ಮಹಿಳೆಯರಿಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಪ್ರತ್ಯೇಕ ಯೋಜನೆಯಿದೆ. ಅದರಂತೆ ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ, ಅತ್ಯಾಚಾರ ಸಂತ್ರಸ್ತೆಗೆ 4ರಿಂದ 7 ಲಕ್ಷ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಹಣ ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿರುತ್ತದೆ, ಉಳಿದದ್ದಷ್ಟೇ ತಕ್ಷಣ ಕೈಗೆ. ಇಡೀ ಮೊತ್ತ ನಂಬಿ ಸಾಲ ಮಾಡಬೇಡಿ. ಲೈಂಗಿಕ ದೌರ್ಜನ್ಯದ ಸಂತ್ರಸ್ತರು ಮಕ್ಕಳಾಗಿದ್ದರೆ ಪೋಕ್ಸೊ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು.

ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು ಎನ್ನುತ್ತದೆ ಕಾನೂನು. ಆದರೆ ಕಡತ ತಾನಾಗಿ ನಡೆಯುವುದಿಲ್ಲ. ಅರ್ಜಿ ಕೊಟ್ಟ ದಿನವೇ ಮೊಹರು ಬಿದ್ದ ಸ್ವೀಕೃತಿ ಪಡೆದು, ತಿಂಗಳಿಗೊಮ್ಮೆಯಾದರೂ ಹೋಗಿ ವಿಚಾರಿಸಿ. ಪೊಲೀಸ್ ವರದಿ ಬಂದಿಲ್ಲ ಎಂದರೆ ಠಾಣೆಗೆ ಹೋಗಿ ನೆನಪಿಸಿ. ಅರ್ಜಿ ತಿರಸ್ಕೃತವಾದರೆ ಅಥವಾ ಮೊತ್ತ ತೀರಾ ಕಡಿಮೆಯೆನಿಸಿದರೆ ರಾಜ್ಯ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಹಿಳೆಯರ ಯೋಜನೆಯಲ್ಲಿ ಅದಕ್ಕೆ 30 ದಿನಗಳ ಗಡುವು.

'ಇಷ್ಟು ಪರ್ಸೆಂಟ್ ಕೊಟ್ಟರೆ ಮಾಡಿಸಿಕೊಡ್ತೀನಿ' ಎಂದು ಕೋರ್ಟ್ ಆವರಣದಲ್ಲಿ ಯಾರಾದರೂ ಹಿಂದೆ ಬಿದ್ದರೆ ದೂರವಿರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಪ್ರಾಧಿಕಾರವೇ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಕಾನೂನು ನೆರವಿನ ಸಹಾಯವಾಣಿ 15100, ಕರೆಗೆ ದುಡ್ಡಿಲ್ಲ.