ಮರಳುವ ದಾರಿಯನ್ನೂ ಬರೆಯಬೇಕು

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಗೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು. ಪೂರ್ವ ಬಂಗಾಳದ ಕುಟುಂಬಗಳು ನೆಲೆಸಿದ ನಮ್ಮ ಆರ್.ಎಚ್. ಕ್ಯಾಂಪಿನ ಆಸುಪಾಸಿನ ಮಿಲ್ಲುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ.

ಒಂದು ಮಿಲ್ಲಿನಲ್ಲಿ ಲೆಕ್ಕದ ಕಂಪ್ಯೂಟರು, ವೇಬ್ರಿಡ್ಜ್, ಕ್ಯಾಮೆರಾ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿದ್ದವು. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿದಾಗಲೇ ತೂಕದ ಚೀಟಿ ತಡವಾಗುತ್ತಿತ್ತು. ಆಫೀಸಿಗೆ ವಿಲ್ಯಾನ್ 10, ವೇಬ್ರಿಡ್ಜ್‌ಗೆ 20, ಕ್ಯಾಮೆರಾಗಳಿಗೆ 30 ಎಂದು ಬೇರ್ಪಡಿಸಿದೆವು. ಬೇರ್ಪಡಿಸುವುದು ಸುಲಭ. ಆದರೆ ತೂಕದ ಲೆಕ್ಕ ಆಫೀಸಿನ ಸರ್ವರಿಗೆ ತಲುಪಲೇಬೇಕಲ್ಲ?

ರೌಟರಿಗೆ ಒಂದೇ ಟ್ರಂಕ್ ಕೇಬಲ್ ಎಳೆದು ಅಲ್ಲಿಂದಲೇ ವಿಲ್ಯಾನ್‌ಗಳನ್ನು ಕೂಡಿಸಬಹುದು. ಆದರೆ ಆಗ ಕ್ಯಾಮೆರಾ ದೃಶ್ಯವೂ ಆ ಒಂದೇ ಕೇಬಲ್ಲಿನಲ್ಲಿ ಹತ್ತಿ ಇಳಿಯಬೇಕು. ಲೇಯರ್-3 ಸ್ವಿಚ್ ಆ ಕೆಲಸವನ್ನು ತನ್ನ ಚಿಪ್ಪಿನೊಳಗೇ ಮುಗಿಸುತ್ತದೆ. ಪ್ರತಿ ವಿಲ್ಯಾನ್‌ಗೂ ಸ್ವಿಚ್ಚಿನಲ್ಲಿ ಒಂದು ಇಂಟರ್‌ಫೇಸ್, ಅದಕ್ಕೊಂದು ಐಪಿ. ಆ ವಿಲ್ಯಾನಿನ ಕಂಪ್ಯೂಟರುಗಳಿಗೆ ಅದೇ ಗೇಟ್‌ವೇ. ಸಿಸ್ಕೋ ಸ್ವಿಚ್ಚಾದರೆ ‘ಐಪಿ ರೌಟಿಂಗ್’ ಆದೇಶ ಕೊಟ್ಟಿರಬೇಕು.

ಒಂದು ರಾತ್ರಿ ಮಿಲ್ಲಿನ ಹುಡುಗನ ಫೋನು: “ಅಣ್ಣಾ, ವಿಲ್ಯಾನ್ ಇಪ್ಪತ್ತು ಡೌನ್ ಆಗೈತಿ, ಸ್ವಿಚ್ ಹಾಳಾತೇನ್ರಿ?” ಸ್ವಿಚ್ಚಿಗೆ ಏನೂ ಆಗಿರಲಿಲ್ಲ. ವೇಬ್ರಿಡ್ಜ್ ಕಂಪ್ಯೂಟರನ್ನು ಆರಿಸಿ ಉಳಿದವರು ಮನೆಗೆ ಹೋಗಿದ್ದರು. ಒಂದು ವಿಲ್ಯಾನಿನಲ್ಲಿ ಒಂದಾದರೂ ಪೋರ್ಟ್ ಜೀವಂತವಿಲ್ಲದಿದ್ದರೆ ಅದರ ಇಂಟರ್‌ಫೇಸ್ ಮೇಲೇಳುವುದಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಮೇಲೆ ಅದು ತಾನಾಗಿ ಎದ್ದಿತು. ಇದು ಗೊತ್ತಿಲ್ಲದೆ ಸ್ವಿಚ್ ಬದಲಿಸಿದವರನ್ನೂ ಕಂಡಿದ್ದೇನೆ.

ಹೆಚ್ಚು ಜನ ತಡವರಿಸುವುದು ಇಂಟರ್ನೆಟ್ಟಿನ ಹತ್ತಿರ. ವಿಲ್ಯಾನ್‌ಗಳು ತಮ್ಮೊಳಗೆ ಮಾತಾಡುತ್ತವೆ, ಹೊರಗೆ ಮಾತ್ರ ಹೋಗುವುದಿಲ್ಲ. ಸ್ವಿಚ್ಚಿನಲ್ಲಿ ಡೀಫಾಲ್ಟ್ ರೂಟ್ ಸರಿಯಾಗಿಯೇ ಇರುತ್ತದೆ. ಕಾಲುವೆ ನೀರು ಒಂದೇ ದಿಕ್ಕಿಗೆ ಹರಿದರೂ ಗದ್ದೆ ತುಂಬುತ್ತದೆ, ನೆಟ್‌ವರ್ಕಿನಲ್ಲಿ ಹೋದದ್ದಕ್ಕೆ ಉತ್ತರ ಮರಳಬೇಕು. ಆಚೆಯ ರೌಟರಿಗೆ ವಿಲ್ಯಾನ್ 20ರ 192.168.20.0 ಎಂಬ ನೆಟ್‌ವರ್ಕ್ ಸ್ವಿಚ್ಚಿನ ಹಿಂದಿದೆ ಎಂಬುದೇ ಗೊತ್ತಿರುವುದಿಲ್ಲ. ಆ ರೂಟನ್ನು ರೌಟರಿನಲ್ಲೂ ಬರೆಯಬೇಕು, ನ್ಯಾಟ್ ಪಟ್ಟಿಯಲ್ಲೂ ಆ ನೆಟ್‌ವರ್ಕ್ ಸೇರಬೇಕು. ಅದಕ್ಕೇ ನಾನು ಮೊದಲು ಕಾಗದದ ಮೇಲೆ ಬಾಣ ಎರಡೂ ಕಡೆಗೆ ಎಳೆದುಕೊಳ್ಳುತ್ತೇನೆ. ಪರೀಕ್ಷೆಗೆ ಕಂಪ್ಯೂಟರಿಗಿಂತ ಪ್ರಿಂಟರಿಗೆ ಪಿಂಗ್ ಮಾಡುವುದು ವಾಸಿ. ಬೇರೆ ಸಬ್‌ನೆಟ್ಟಿನ ಪಿಂಗ್‌ಗೆ ವಿಂಡೋಸ್ ಫೈರ್‌ವಾಲ್ ಉತ್ತರ ಕೊಡದೆ ದಾರಿ ತಪ್ಪಿಸುವುದುಂಟು.

ರೌಟಿಂಗ್ ಶುರುವಾದ ಗಳಿಗೆಯಿಂದ ಕ್ಯಾಮೆರಾ ವಿಲ್ಯಾನಿಗೂ ಲೆಕ್ಕದ ಸರ್ವರಿನ ದಾರಿ ತೆರೆದಿರುತ್ತದೆ. ಅಂಗಳದ ಕಂಬದಲ್ಲಿರುವ ಕ್ಯಾಮೆರಾ ಕೇಬಲ್ಲಿಗೆ ಯಾರಾದರೂ ಲ್ಯಾಪ್‌ಟಾಪ್ ಚುಚ್ಚಿದರೆ ರೈತರ ಬಾಕಿಯ ಲೆಕ್ಕದವರೆಗೂ ತಲುಪಬಹುದು. ಅದು ರೈತರ ಮನೆಯ ದುಡ್ಡಿನ ಮಾತು. ಹಾಗಾಗಿ 30ರಿಂದ 10ಕ್ಕೆ ಹೋಗುವುದನ್ನು ಆಕ್ಸೆಸ್ ಲಿಸ್ಟ್ ಹಾಕಿ ತಡೆದ ಮೇಲೆಯೇ ಬೀಗ ಹಾಕಿ ಹೊರಡುತ್ತೇನೆ. ಹೊರಡುವ ಮೊದಲು ಸಂರಚನೆಯನ್ನು ಸೇವ್ ಮಾಡಿರುತ್ತೇನೆ. ಕರೆಂಟು ಹೋಗಿ ಸ್ವಿಚ್ ಮತ್ತೆ ಎದ್ದಾಗ ಸೇವ್ ಮಾಡದ ಒಂದು ಸಾಲೂ ಅದರಲ್ಲಿ ಉಳಿದಿರುವುದಿಲ್ಲ.