ಹವ್ಯಾಸ ನಮ್ಮದು, ಸಮಯ ಅವರದು

ಕ್ಯಾಮೆರಾ ಹುಚ್ಚಿನ ಗೆಳೆಯರು ನಾಲ್ಕು ಜನ ಸೇರಿದರೆ ಸಾಕು, ಈ ಪ್ರಶ್ನೆ ಏಳುತ್ತೆ: "ನಾವೇನು ಜಾಹೀರಾತು ಕಂಪನಿಯವರಾ? ನಮ್ಮ ಫೋಟೋದಿಂದ ಒಂದು ರೂಪಾಯಿ ಹುಟ್ಟಲ್ಲ. ಆದರೂ ಮಾಡೆಲ್‌ಗಳು ಕಂಪನಿಗೆ ಹೇಳೋ ರೇಟನ್ನೇ ನಮಗೂ ಹೇಳ್ತಾರಲ್ಲ, ಯಾಕೆ?" ಈ ಸಲ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯನ್ನೇ ತಗೊಳ್ಳಿ. ಶುಕ್ರವಾರ ಮಹಾಲಕ್ಷ್ಮಿ ದರ್ಶನಕ್ಕೆ ಬಸ್ಸು ತುಂಬಿ ಜನ ಬರ್ತಾರೆ. ಹರಕೆ ತೀರಿಸೋಕೆ ಬಂದವರಿಗೂ ವ್ಯಾಪಾರಕ್ಕೆ ಬಂದವರಿಗೂ ಕಂಡಕ್ಟರ್ ಕೊಡೋದು ಒಂದೇ ದರದ ಟಿಕೆಟ್ಟು. ನೀವು ಅಲ್ಲಿ ಹೋಗಿ ದುಡ್ಡು ಮಾಡ್ತೀರೋ ಕೈಮುಗೀತೀರೋ ಅನ್ನೋದು ಡೀಸೆಲ್ಲಿಗೆ ಗೊತ್ತಾಗಲ್ಲ. (2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ನಿಜ. ಅದರ ಹಣವನ್ನೂ ಸರ್ಕಾರ ನಿಗಮಕ್ಕೆ ಕಟ್ಟಿಕೊಡಲೇಬೇಕು.)

ಈಗ ಅದೇ ಊರಿನ ಪಕ್ಕದ ತೀತಾ ಜಲಾಶಯದ ಹತ್ತಿರ ಬೆಳಗಿನ ಬೆಳಕಲ್ಲಿ ಒಂದು ಶೂಟ್ ಇಟ್ಟುಕೊಂಡಿದ್ದೀವಿ ಅಂದುಕೊಳ್ಳಿ. ಮಾಡೆಲ್ ಬೆಂಗಳೂರಿನವರು. ಸುಮಾರು 80 ಕಿ.ಮೀ. ದಾರಿ, ಸೂರ್ಯ ಹುಟ್ಟೋ ಹೊತ್ತಿಗೆ ಬರಬೇಕಾದರೆ ರಾತ್ರಿಯೇ ಎದ್ದು ಹೊರಡಬೇಕು. ಬಟ್ಟೆ, ಮೇಕಪ್ಪು ಅವರದೇ. ಪರಿಚಯವಿಲ್ಲದ ಹುಡುಗರ ಜೊತೆ ಜನ ಓಡಾಡದ ಜಾಗಕ್ಕೆ ಬರೋದರಿಂದ ಜೊತೆಗೊಬ್ಬರನ್ನು ಕರ್ಕೊಂಡು ಬರ್ತಾರೆ, ಅವರ ದಿನವೂ ಹೋಯ್ತು. ನಾವು ಲೆಕ್ಕ ಹಾಕೋದು ಎರಡು ಗಂಟೆ. ಅವರಿಗೆ ಖರ್ಚಾಗೋದು ಒಂದು ದಿನ, ಆ ದಿನ ಸಿಗಬಹುದಾಗಿದ್ದ ಇನ್ನೊಂದು ಕೆಲಸ. ಮ್ಯಾನೇಜ್‌ಮೆಂಟ್ ಪೇಪರಿಗೆ ಓದಿ, ಪರೀಕ್ಷೆ ಮುಗಿದ ಸಂಜೆಯೇ ಮರೆತ ಆಪರ್ಚುನಿಟಿ ಕಾಸ್ಟ್ ಅಂದರೆ ಇದೇ.

ನಿಜ ಹೇಳಬೇಕಂದ್ರೆ ಕಂಪನಿಗಿಂತ ನಾವು ಕೊಡೋದು ಕಮ್ಮಿ. ಜಾಹೀರಾತು ಊರೆಲ್ಲ ಕಂಡರೆ ಅವರಿಗೆ ಮುಂದಿನ ಕೆಲಸ ಸಿಗುತ್ತೆ. ನಮ್ಮ ಫೋಟೋ ಹಾರ್ಡ್ ಡಿಸ್ಕಿನಲ್ಲಿ ಮಲಗುತ್ತೆ. ಅದೂ ಅಲ್ಲದೆ, ನಾವು ಅಪರ್ಚರ್ ತಿರುಗಿಸುತ್ತಾ ಕಲೀತಿರೋವಾಗ ಅದೇ ಭಂಗಿಯಲ್ಲಿ ಹತ್ತು ಸಲ ನಿಲ್ಲೋ ತಾಳ್ಮೆ ಅವರದು. ಚಿತ್ರಕಲಾ ಶಾಲೆಗಳಲ್ಲೂ ಅಷ್ಟೇ: ವಿದ್ಯಾರ್ಥಿ ಬರೆದ ಚಿತ್ರ ಮಾರಾಟವಾಗಲಿ ಬಿಡಲಿ, ಕೂತ ಮಾಡೆಲ್‌ಗೆ ಕೂಲಿ ಉಂಟು.

ಕಾನೂನೂ ನಮ್ಮ ಕಡೆಗೇ ವಾಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದವರು, ಅದರಲ್ಲಿ ಇರುವವರಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ನಮ್ಮ ಹವ್ಯಾಸದ ಫೋಟೋದ ಹಕ್ಕು ನಮ್ಮದೇ, ನಾವು ಬದುಕಿರೋವರೆಗೂ, ಸತ್ತ ಮುಂದಿನ ವರ್ಷದಿಂದ ಇನ್ನೂ 60 ವರ್ಷ. ಹಾಗಾಗಿ ಮಾಡೆಲ್‌ಗೆ ಸಾಮಾನ್ಯವಾಗಿ ಗಿಟ್ಟೋದು ಕ್ಯಾಮೆರಾ ಮುಂದೆ ನಿಂತ ಆ ದಿನದ ದುಡ್ಡು ಮಾತ್ರ.

ಹಾಗಂತ ಚೌಕಾಸಿಗೆ ಜಾಗವೇ ಇಲ್ಲ ಅಂತಲ್ಲ. ಜಾಹೀರಾತಿನ ಲೆಕ್ಕದಲ್ಲಿ ಎರಡು ಭಾಗ ಇರುತ್ತೆ: ದುಡಿದ ಹೊತ್ತಿಗೆ ಒಂದು, ಫೋಟೋವನ್ನು ಎಲ್ಲಿ ಎಷ್ಟು ಕಾಲ ಬಳಸ್ತೀರಿ ಅನ್ನೋದಕ್ಕೆ ಇನ್ನೊಂದು. ನಾವು ಬಳಕೆಯ ದುಡ್ಡನ್ನು ಬಿಡಿ ಅಂತ ಕೇಳಬಹುದು. "ಮಾರಲ್ಲ, ಜಾಹೀರಾತಿಗೆ ಕೊಡಲ್ಲ" ಅಂತ ಬರೆದುಕೊಟ್ಟು ಕೇಳಬೇಕು, ಅಷ್ಟೇ. ಐದು ಜನ ಸೇರಿ ಒಂದೇ ಶೂಟ್ ಮಾಡಿ ಖರ್ಚು ಹಂಚಿಕೊಳ್ಳಬಹುದು, ಐದು ಲೆನ್ಸು ಇರುತ್ತೆ ಅಂತ ಮೊದಲೇ ತಿಳಿಸಿ. ದುಡ್ಡಿನ ಬದಲು ಫೋಟೋ ಕೊಡೋ ಪದ್ಧತಿಯೂ ಇದೆ. ಅದು ನಡೆಯೋದು ನಮ್ಮ ಫೋಟೋ ಅವರ ಪೋರ್ಟ್‌ಫೋಲಿಯೋಗೆ ಬರೋ ಹಾಗಿದ್ದರೆ. ಆ ಮಟ್ಟಕ್ಕೆ ಬಂದಿದೆಯಾ ಅಂತ ತೀರ್ಮಾನಿಸೋದು ಅವರು, ನಾವಲ್ಲ.

ನಮ್ಮನ್ನು ಹೆಚ್ಚು ಕಾಡೋ ವಿಷಯ ಬೇರೆ. ರೇಟು ಹೇಳೋ ಮಾಡೆಲ್‌ಗೆ ಗೊಣಗುತ್ತಾ ಆದರೂ ಕೊಡ್ತೀವಿ. ದೇವಸ್ಥಾನದ ಮುಂದೆ ಹೂವು ಕಟ್ಟೋ ಅಜ್ಜಿ, ಮಧುಗಿರಿ ಕಡೆ ಕುರಿ ಹೊಡ್ಕೊಂಡು ಹೋಗೋ ತಾತ, ಇವರ ಸುಕ್ಕುಗಟ್ಟಿದ ಮುಖವನ್ನು ಕ್ಲಿಕ್ ಮಾಡಿ ಸ್ಪರ್ಧೆಗೆ ಕಳಿಸೋವಾಗ ರೇಟಿನ ಮಾತೇ ಬರಲ್ಲ. ಅವರು ಕೇಳಲ್ಲವಲ್ಲ! ಬಹುಮಾನದ ಹಣ ಬಂದರೂ ಆ ಅಜ್ಜಿ ಹತ್ರ ಒಂದು ಮೊಳ ಹೂವು ತಗೊಂಡಿರಲ್ಲ ನಾವು.